ಅಕ್ಕನ ಕೈ ಬೇಡ, ಸೀರೆ ಬೇಕು

ಸಿಂಧನೂರಿನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿಯಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಕಡೆ ಮೊಬೈಲ್ ರಿಪೇರಿ, ಇನ್ನೊಂದು ಕಡೆ ಬಳೆ ಅಂಗಡಿ, ನಡುವೆ ನಾನು. ಮದುವೆಯಾಗಿಲ್ಲ. ಯಾಕಾಗಲಿಲ್ಲ ಎಂಬುದು ನಮ್ಮೂರು ಗುರುಗುಂಟಾದ ಕಟ್ಟೆಗಳ ಮೇಲೆ ಬೇಕಾದಷ್ಟು ಚರ್ಚೆಯಾಗಿ ಮುಗಿದಿದೆ, ಇಲ್ಲಿ ಮತ್ತೆ ತೆಗೆಯುವುದಿಲ್ಲ. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ತಾಳಿಯಿಲ್ಲ, ಹಣೆಯ ಮೇಲೆ ಕುಂಕುಮವಿದೆ, ಕೈತುಂಬ ಬಳೆಯಿದೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಹೊಸ ಗಿರಾಕಿಗಳು ಅಳತೆ ಕೊಡುತ್ತ ಕೊಡುತ್ತ "ನಿಮ್ಮ ಮನ್ಯಾಗ ಅಣ್ಣಾರು ಏನ್ ಮಾಡ್ತಾರ್ರೀ?" ಎಂದು ಕೇಳುತ್ತಾರೆ. "ಇನ್ನ ಹುಟ್ಟಿಲ್ರೀ" ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ.

ಕಾಲ ಬದಲಾಗಿದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅದು ನನ್ನ ಮಿಷನ್ನಿನ ಮೇಲೇ ಹಾದುಹೋಗುತ್ತದೆ. ಮೊದಲು ಬೆನ್ನಿನ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಇಳಿಸಿದರೆ ಅತ್ತೆಯಂದಿರು ಅಂಗಡಿಗೇ ಬಂದು ಜಗಳ ತೆಗೆಯುತ್ತಿದ್ದರು. ಈಗ ಜವಳಗೇರಾದಿಂದ ಭತ್ತದ ನಾಟಿ ಮುಗಿಸಿ ಬರುವ ಹೆಣ್ಣುಮಕ್ಕಳೂ ಮೊಬೈಲ್ ತೆಗೆದು "ಅಕ್ಕಾ, ಹಿಂದ ಪೂರಾ ಖಾಲಿ ಇರ್ಲಿ, ಬರೇ ದಾರ ಬರ್ಲಿ" ಎಂದು ಫೋಟೋ ತೋರಿಸುತ್ತಾರೆ. ಅತ್ತೆ ಪಕ್ಕದಲ್ಲೇ ಕುಳಿತು ಗೊಂಡೆಯ ಬಣ್ಣ ಆರಿಸುತ್ತಾಳೆ. ಬೇಷ್. ನನಗೂ ಖುಷಿ, ನನ್ನ ದುಡಿಮೆಗೂ ಒಳ್ಳೆಯದು. ಆದರೆ ಬೆನ್ನಿಗೆ ಸಿಕ್ಕ ಬಿಡುಗಡೆ ಹಣೆಗೆ ಸಿಕ್ಕಿಲ್ಲ. ಇದನ್ನು ಲಿಂಗಸೂಗೂರಿನ ಒಂದು ಫಂಕ್ಷನ್ ಹಾಲಿನಲ್ಲಿ ಕಣ್ಣಾರೆ ಕಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ನನ್ನ ಅಕ್ಕ ಇರುವುದು ಮಸ್ಕಿಯಲ್ಲಿ. ಭಾವ ತೀರಿಕೊಂಡಾಗ ಅವಳ ಒಬ್ಬಳೇ ಮಗಳು ಇನ್ನೂ ಹೈಸ್ಕೂಲು. ಅಕ್ಕ ಅಳುತ್ತ ಕೂರಲಿಲ್ಲ, ಕೂರಲು ಪುರಸೊತ್ತೂ ಇರಲಿಲ್ಲ. ರೊಟ್ಟಿ ಬಡಿಯಲು ಶುರು ಮಾಡಿದಳು. ಈಗ ಮಸ್ಕಿಯ ಖಾನಾವಳಿಗಳಿಗೆ, ಒಬ್ಬೊಬ್ಬರೇ ರೂಮು ಮಾಡಿಕೊಂಡಿರುವ ಆಫೀಸಿನವರಿಗೆ, ಸಂತೆಗೆ ಬಂದು ಹಸಿದವರಿಗೆ ಅವಳ ರೊಟ್ಟಿಯೇ. ಆ ರೊಟ್ಟಿಯ ಮೇಲೇ ಮಗಳು ಓದಿದಳು, ಡಿಗ್ರಿ ಮುಗಿಸಿದಳು, ಲಿಂಗಸೂಗೂರಿನ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋದಳು. ಮದುವೆಯ ದಿನ ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಹೆತ್ತ ತಾಯಿ ಎಲ್ಲಿದ್ದಳು? ಅಡುಗೆಯವರ ಹತ್ತಿರ ನಿಂತು ಸಾರಿನ ಉಪ್ಪು ನೋಡುತ್ತಿದ್ದಳು. ಮದುವೆಯ ಗದ್ದಲದಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಮಗಳಿಗೆ ದಿನ ತುಂಬುತ್ತ ಬಂದವು, ಕುಬಸದ ಮಾತು ಬಂತು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ ಕೂರಿಸುತ್ತೇವೆ. ಅವಳು ಸೆರಗೊಡ್ಡುತ್ತಾಳೆ, ಐವರು ಮುತ್ತೈದೆಯರು ಆ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ ಹಾಕಿ ಉಡಿ ತುಂಬುತ್ತಾರೆ. ಕಾರ್ಯ ಗಂಡನ ಮನೆಯವರದು, ಬುತ್ತಿ ತವರಿನದು. ಹಸಿರು ಕುಬಸ ಹೊಲಿಯುವುದು ನನ್ನ ಪಾಲಿಗೆ ಬಂತು, ಪಕ್ಕಗಳಲ್ಲಿ ಬಿಚ್ಚಿಕೊಳ್ಳಲು ಬೇಕಾದಷ್ಟು ಬಟ್ಟೆ ಬಿಟ್ಟು ಹೊಲಿದೆ. ಬುತ್ತಿ ಕಟ್ಟುವುದು ಅಕ್ಕನ ಪಾಲಿಗೆ.

ಕುಬಸ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬೀಗತಿಯ ಫೋನು ಬಂತು. ಬೀಗತಿ ಎಂದರೆ ಅಕ್ಕನ ಮಗಳ ಅತ್ತೆ. ಕೆಟ್ಟ ಹೆಂಗಸಲ್ಲ. ಸೊಸೆಗೆ ಸ್ಕೂಟಿ ಕೊಡಿಸಿದ್ದಾರೆ, ಚೂಡಿದಾರ ಹಾಕಿಕೊಂಡು ಅಂಗಡಿಯ ಗಲ್ಲಾದ ಮೇಲೆ ಕೂರಲು ಬಿಟ್ಟಿದ್ದಾರೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವರ ಜೊತೆ ಜಗಳ ಸುಲಭ.

"ನಿಮ್ಮ ಅಕ್ಕಾರಿಗೆ ಜರ ನೀವೇ ಸೂಕ್ಷ್ಮ ಹೇಳ್ರಿ" ಎಂದರು. "ಉಡಿ ತುಂಬೂ ಹೊತ್ತಿನ್ಯಾಗ ಸ್ಟೇಜಿನ ಮ್ಯಾಲ ಬರೂದು ಬ್ಯಾಡಂತ. ನಮ್ಮದೇನಿಲ್ರೀ, ನಾವು ಅಂಥಾದ್ದೆಲ್ಲಾ ಮಾಡೂರಲ್ಲ. ಆದ್ರ ಮಂದಿ ಏನಂತಾರ?"

"ಯಾವ ಮಂದಿ ಬೀಗರ?"

"ಮಂದಿ ಅಂದ್ರ ಮಂದೀನಾ. ನಾಕು ಜನ ಕೂಡಿದಲ್ಲಿ ಒಂದು ಮಾತು ಬರ್ತತಿ."

"ಹಂಗಾದ್ರ ಆಕಿ ಬಡದ ರೊಟ್ಟಿ ಬರ್ಲೇನು, ಅವೂ ಬ್ಯಾಡೇನು?"

"ಅಯ್ಯ, ಅವ್ಯಾಕ ಬ್ಯಾಡ!" ಅವರ ದನಿ ಅರಳಿತು. "ಆಕಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಂದ್ರ ನಮ್ಮ ಮನ್ಯಾಗ ಬಡದಾಡ್ತಾರ. ಜರ ಜಾಸ್ತೀನೇ ತರ್ರಿ."

ಫೋನಿಟ್ಟ ಮೇಲೆ ಕತ್ತರಿ ಕೈಗೆ ತೆಗೆದುಕೊಳ್ಳಲಿಲ್ಲ. ಆ ಸಿಟ್ಟಿನಲ್ಲಿ ಯಾರದಾದರೂ ಬ್ಲೌಸು ಹಾಳಾಗುತ್ತಿತ್ತು.

ಬುತ್ತಿಗೆ ಕೈಜೋಡಿಸಲು ಮಸ್ಕಿಗೆ ಹೋದೆ. ಬೀಗತಿಯ ಮಾತನ್ನು ಅಕ್ಕನಿಗೆ ಹೇಳುವುದಿಲ್ಲ, ಲಿಂಗಸೂಗೂರಿನ ಹಾಲಿನಲ್ಲೇ ಬಗೆಹರಿಸುತ್ತೇನೆ ಎಂದು ನಿರ್ಧಾರ ಮಾಡಿಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಹೇಳುವ ಅಗತ್ಯವೇ ಇರಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಅಕ್ಕ ಅಂದಳು: "ನಾ ಊಟದ ಕಡಿ ನೋಡ್ಕೊಂತೀನಿ. ಸ್ಟೇಜಿನ ಮ್ಯಾಲ ನಮ್ಮ ಮನಿಯಿಂದ ನೀ ನಿಂದ್ರು."

"ಯಾರು ಹೇಳಿದ್ರು ನಿನಗ?"

"ಯಾಕ ಹೇಳ್ಬೇಕು? ನನಗ ತಿಳಿಯಂಗಿಲ್ಲೇನು?"

ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡುಬು, ಗುರೆಳ್ಳು ಹಿಂಡಿ, ಎಣಗಾಯಿ. ಮನೆಯೆಲ್ಲ ಘಮಘಮ. ಎಲ್ಲ ಮುಗಿದ ಮೇಲೆ ಅವಳು ಮೊರ ತೆಗೆದುಕೊಂಡು ಬಾಗಿಲ ಬೆಳಕಿಗೆ ಕುಳಿತು ಉಡಿಯ ಅಕ್ಕಿ ಹಸನು ಮಾಡತೊಡಗಿದಳು. ಅಂಗಡಿಯಿಂದ ತಂದ ಅಕ್ಕಿ, ಕಲ್ಲೇ ಇರಲಿಲ್ಲ. ಆದರೂ ಒಡೆದ ನುಚ್ಚನ್ನೆಲ್ಲ ಬೆರಳ ತುದಿಯಿಂದ ಬೇರೆ ಮಾಡಿ ಇಡೀ ಕಾಳನ್ನೇ ಉಳಿಸಿದಳು. ಮಗಳ ಮಡಿಲಿಗೆ ನುಚ್ಚು ಬೀಳಬಾರದಂತೆ. ಆ ಅಕ್ಕಿಯನ್ನು ಬೇರೆ ಯಾರೋ ಐವರು ಎತ್ತಿ ಹಾಕುತ್ತಾರೆ, ಇವಳು ಹಾಕುವ ಹಾಗಿಲ್ಲ. ಇದಕ್ಕೆ ಯಾವ ನ್ಯಾಯ ಹೇಳುತ್ತೀರಿ? ಅವಳು ಮಾತ್ರ ಏನೋ ಗುನುಗುತ್ತಿದ್ದಳು.

ಟಂಟಂ ಗಾಡಿಯಲ್ಲಿ ಬುತ್ತಿ ಹೇರಿಕೊಂಡು ಲಿಂಗಸೂಗೂರಿಗೆ ಹೋದೆವು. ಫಂಕ್ಷನ್ ಹಾಲು ನೋಡಿದರೆ ಕುಬಸವೋ ಸಿನಿಮಾ ಶೂಟಿಂಗೋ ತಿಳಿಯದು. ಬಲೂನಿನ ಕಮಾನು, ಮಿಣಮಿಣ ದೀಪದಲ್ಲಿ ಇಂಗ್ಲಿಷಿನ ಬರಹ, ಸೋಫಾದ ಎರಡೂ ಕಡೆ ಪ್ಲಾಸ್ಟಿಕ್ಕಿನ ಕೊಕ್ಕರೆಗಳು. ಹಾಲಿನೊಳಗೇ ಡ್ರೋನು ಹಾರಿಸಿದರು. ಅದು ಫ್ಯಾನಿಗೆ ಬಡಿಯುತ್ತದೆಂದು ಫ್ಯಾನುಗಳನ್ನೆಲ್ಲ ಬಂದ್ ಮಾಡಿಸಿ ತುಂಬು ಬಸುರಿಯನ್ನು ಬೆವರಲ್ಲಿ ತೊಯ್ಯಿಸಿದರು. ಸ್ಪೀಕರಿನಲ್ಲಿ ವಚನ ಹಚ್ಚಿದ್ದರು. ಸೂತಕವೆಂಬುದು ಸುಳ್ಳು, ಹೆಣ್ಣಿಗೆ ಮೈಲಿಗೆಯೆಂಬುದು ಸುಳ್ಳು ಎಂದು ನಮ್ಮ ಶರಣರು ಸಾರಿಹೋದದ್ದನ್ನು ತಬಲಾ ಬಡಿದು ಹಾಡುತ್ತಿದ್ದರು. ಹಣೆತುಂಬ ವಿಭೂತಿ ಬಳಿದುಕೊಂಡ ಹಿರಿಯರು ಅದಕ್ಕೆ ತಲೆದೂಗುತ್ತಿದ್ದರು, ಅವರ ಹೆಂಡಂದಿರು ಕೆಳಗೆ ಮುತ್ತೈದೆಯರನ್ನು ಎಣಿಸುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಎಣಿಕೆಯಲ್ಲಿ ಒಬ್ಬಳು ಕಡಿಮೆ ಬಿದ್ದಳು. ಐದನೆಯವಳು ಇನ್ನೂ ಬ್ಯೂಟಿ ಪಾರ್ಲರಿನಿಂದ ಬಂದಿರಲಿಲ್ಲ. ಬೀಗತಿಯ ಕಡೆಯ ಒಬ್ಬ ಮುದುಕಿ ನನ್ನನ್ನು ನೋಡಿ, "ಈಕೀನ್ನ ಕರೀರಿ, ಹಣಿತುಂಬ ಕುಂಕುಮ ಐತಿ" ಎಂದಳು. ಪಕ್ಕದವಳು ಅವಳ ತೊಡೆ ಚಿವುಟಿದಳು. "ಅಯ್ಯ, ಆಕಿದು ಮದಿವೀನಾ ಆಗಿಲ್ಲಬೇ."

"ಆಗಿಲ್ಲಂದ್ರ ಗಂಡ ಸತ್ತಿಲ್ಲಲ್ಲ. ನಡೀತತಿ."

"ಗಂಡ ಇದ್ದರಲ್ಲಬೇ ಸಾಯೂದು! ಆಕಿ ಎಣಿಕಿಗಿ ಬರಂಗಿಲ್ಲ."

ನಾನು ಅಲ್ಲೇ ನಿಂತಿದ್ದೇನೆ, ನನಗೆ ಕಿವಿಯಿದೆ ಎಂಬುದು ಅವರಿಗೆ ಲೆಕ್ಕವೇ ಇರಲಿಲ್ಲ. ಗಂಡ ಸತ್ತಿದ್ದಕ್ಕೆ ಅಕ್ಕ ಅಪಶಕುನ, ಗಂಡನೇ ಇಲ್ಲದ್ದಕ್ಕೆ ನಾನು ಸೊನ್ನೆ. ಅಕ್ಕ ತನ್ನ ಕೈಯಾರೆ ಒಂದು ಮನೆ ನಡೆಸಿದಳು, ನಾನು ನನ್ನ ಕೈಯಾರೆ ಒಂದು ಅಂಗಡಿ ನಡೆಸಿದೆ. ಆದರೆ ನಮ್ಮಿಬ್ಬರಿಗೂ ಬೆಲೆ ಕಟ್ಟುವುದು ಇಲ್ಲದ ಗಂಡಸರನ್ನು ಹಿಡಿದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಮಂದಿಯನ್ನು ಹುಡುಕಲು ಹೊರಟೆ.

ಹೌದು, ನಿಜವಾಗಿಯೂ ಹುಡುಕಿದೆ. ಹುಟ್ಟಿದಾಗಿನಿಂದ 'ಮಂದಿ ಏನಂತಾರ' ಕೇಳಿ ಕೇಳಿ ಕಿವಿ ತೂತು ಬಿದ್ದಿವೆ. ಆ ಮಂದಿ ಎಂಬುವವರು ಯಾರು, ಎಲ್ಲಿ ಕೂರುತ್ತಾರೆ, ಒಂದು ಸಲವಾದರೂ ಮುಖ ನೋಡಬೇಡವೇ? ಮೊದಲ ಸಾಲಿನಿಂದ ಶುರು ಮಾಡಿದೆ. ನಮಸ್ಕಾರ ಮಾಡಿ ಒಂದೇ ಮಾತು ಕೇಳಿದೆ: "ಹಡದ ತಾಯಿ ಮಗಳಿಗೆ ಉಡಿ ತುಂಬಿದ್ರ ನಿಮ್ಮದೇನರ ತಕರಾರು ಐತೇನ್ರಿ?"

ಬೀಗತಿಯ ಅಕ್ಕ, "ನನಗೇನೈತವ್ವ? ಆದ್ರ ಮಂದಿ..." ಎಂದು ಹಿಂದಿನ ಸಾಲಿನ ಕಡೆ ಕಣ್ಣು ಹಾಯಿಸಿದಳು. ಹಿಂದಿನ ಸಾಲಿನಲ್ಲಿದ್ದದ್ದು ಸಿಂಧನೂರಿನ ರೈಸ್ ಮಿಲ್ಲಿನವರ ಹೆಂಡತಿ, ನನ್ನ ಗಿರಾಕಿಯೇ. "ಛೇ, ಈಗಿನ ಕಾಲದಾಗ ಅದನ್ನೆಲ್ಲ ಯಾರ್ ನೋಡ್ತಾರ? ಆದ್ರೂ ಹಿರೇರು ಅದಾರಲ್ಲ" ಎಂದು ಹಿರಿಯರ ಕಡೆ ಗದ್ದ ಎತ್ತಿದಳು. ಹಿರಿಯರ ಹತ್ತಿರ ಹೋದೆ. ವಿಭೂತಿಯ ಹಿರಿಯರು ವಚನದ ಗುಂಗಿನಲ್ಲಿದ್ದವರು ಎಚ್ಚೆತ್ತು, "ನಮ್ಮ ಧರ್ಮದಾಗ ಅದೆಲ್ಲಾ ಇಲ್ಲವ್ವ ತಂಗಿ. ಹೆಣ್ಣುಮಕ್ಕಳೇ ಮಾಡ್ಕೊಂಡಾರ" ಎಂದು ಕೈ ತೊಳೆದುಕೊಂಡರು. ಹೆಣ್ಣುಮಕ್ಕಳು ಹಿರಿಯರನ್ನು ತೋರಿಸುತ್ತಾರೆ, ಹಿರಿಯರು ಹೆಣ್ಣುಮಕ್ಕಳನ್ನು ತೋರಿಸುತ್ತಾರೆ. ಕಾಲೇಜಿನ ಹುಡುಗಿಯರು, "ಆಂಟಿ, ನಮಗಂತೂ ಓಕೆ, ಅಮ್ಮನ್ನ ಕೇಳ್ರಿ" ಎಂದು ಮತ್ತೆ ಸೆಲ್ಫಿಗೆ ಮುಖ ಕೊಟ್ಟರು. ಇಡೀ ಹಾಲು ಸುತ್ತಿ ಬಂದೆ. ಒಬ್ಬರೂ, ಒಬ್ಬರಾದರೂ, "ಹೌದು, ನನಗೆ ತಕರಾರಿದೆ" ಎನ್ನಲಿಲ್ಲ. ಅಂದಿದ್ದರೆ ಅವರ ಮೇಲೆ ಅರ್ಧ ಗೌರವವಾದರೂ ಬರುತ್ತಿತ್ತು.

ಬೀಗತಿಯ ಮುಂದೆ ಬಂದು ನಿಂತೆ. "ಬೀಗರ, ಎಲ್ಲಾರ್ನೂ ಕೇಳಿ ಬಂದೀನಿ. ಯಾರದೂ ತಕರಾರಿಲ್ಲ. ಮಂದಿ ಅನ್ನೋರು ಈ ಹಾಲಿಗೆ ಬಂದೇ ಇಲ್ರೀ. ಅವ್ರಿಗೆ ಕಾರ್ಡು ಕೊಡಾಕ ಮರತೀರೇನು?"

ಸುತ್ತ ಇದ್ದವರು ಸೆರಗು ಅಡ್ಡ ಹಿಡಿದು ನಕ್ಕರು. ಬೀಗತಿಯ ಮುಖ ಕೆಂಪಾಯಿತು, ಬಳೆ ತಿರುವತೊಡಗಿದರು. ಆಮೇಲೆ, "ಆತು, ನಿಮ್ಮ ಬಾಯಿಗೆ ನಾ ಸೋತೆ. ಕರೀರಿ ಅಕ್ಕಾರನ್ನ" ಎಂದರು. ಮನಸ್ಸಿನಿಂದಲೇ ಅಂದರು ಎಂದು ನನಗೆ ಈಗಲೂ ಅನ್ನಿಸುತ್ತದೆ. ಗೆದ್ದೆ ಎಂದುಕೊಂಡು ಊಟದ ಕೋಣೆಗೆ ಓಡಿದೆ.

ಅಕ್ಕ ಬಡಿಸುವ ಟೇಬಲ್ಲಿನ ಹಿಂದೆ ನಿಂತಿದ್ದಳು. ಎಳೆದುಕೊಂಡು ಹೋಗಲು ಕೈ ಹಿಡಿದರೆ ಕೊಸರಿಕೊಂಡು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾ ಒಲ್ಲೆ."

"ಎಲ್ಲಾರೂ ಒಪ್ಯಾರ ಯಕ್ಕಾ. ಬೀಗತಿನೂ ಒಪ್ಯಾಳ."

"ಅವ್ರು ಒಪ್ಪಿದ್ರ ಆತೇನು? ನಾಳಿ ಹೆರಿಗ್ಯಾಗ ಏನರ ಹೆಚ್ಚುಕಮ್ಮಿ ಆತಂದ್ರ ತಾಯಿ ಕೈ ತಾಕಿದ್ದಕ್ಕಽ ಅಂತಾರ. ಅವ್ರು ಅನ್ನದಿದ್ರೂ ನಾ ಅಂತೀನಿ. ದಿನಾ ರೊಟ್ಟಿ ಬಡಿಯಾಗ ಈ ಕೈ ನೋಡಿ ನಾನಽ ಅಂತೀನಿ. ಆವಾಗ ನೀ ಬಂದು ಬಿಡಸ್ತಿ?"

ಹೊರಗೆಲ್ಲ ಹುಡುಕಿದ ಮಂದಿ ಇಲ್ಲಿ, ನನ್ನ ಅಕ್ಕನ ಎದೆಯೊಳಗೇ ಮನೆ ಮಾಡಿದ್ದರು. ಗಂಡ ಸತ್ತ ದಿನದಿಂದ ಒಬ್ಬೊಬ್ಬರಾಗಿ ಬಂದು ಒಂದೊಂದು ಮಾತು ಇಟ್ಟು ಹೋಗಿದ್ದಾರೆ. ಈಗ ಅವರೆಲ್ಲ ಒಳ್ಳೆಯವರಾಗಿ ಕುರ್ಚಿಯ ಮೇಲೆ ಕುಳಿತು "ನಮಗೇನಿಲ್ಲವ್ವ" ಎನ್ನಬಹುದು, ಏಕೆಂದರೆ ಅವರ ಕೆಲಸವನ್ನು ಇವಳೇ ಮಾಡಿಕೊಳ್ಳುತ್ತಿದ್ದಾಳೆ. ಎಂಥ ಸುಲಭದ ಪದ್ಧತಿ ನೋಡಿ! ಕಾವಲಿನವನೇ ಬೇಡ.

ಸ್ಟೇಜಿನ ಮೇಲೆ ಮಗಳಿಗೆ ವಿಷಯ ತಿಳಿದಿತ್ತು. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತುಬಿಟ್ಟಳು. "ಅವ್ವ ಬರ್ಲಿ. ಅಲ್ಲೀತನಕ ನಾ ಉಡಿ ಒಡ್ಡಂಗಿಲ್ಲ."

ಎಲ್ಲರೂ ಊಟದ ಕೋಣೆಯ ಬಾಗಿಲು ನೋಡಿದರು. ಅಕ್ಕ ಹೊಸ್ತಿಲ ಮೇಲೆ ಬಂದು ನಿಂತಳು. ಮಗಳು ಸಣ್ಣವಳಿದ್ದಾಗ ಬೀದಿಯಿಂದ ಒಳಗೆ ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದಳು: "ಒಡ್ಡಲೇ ಸುಮ್ನ! ಹಟ ಮಾಡಬ್ಯಾಡ, ಹೊತ್ತು ಮೀರಾಕತ್ತೈತಿ!"

ಮಗಳು ಸೆರಗೊಡ್ಡಿದಳು. ಪಾರ್ಲರಿನವಳೂ ಅಷ್ಟರಲ್ಲಿ ಬಂದಿದ್ದಳು. ಐವರ ಕೈಯಿಂದ ಅಕ್ಕ ಹಸನು ಮಾಡಿದ ಅಕ್ಕಿ ಮಡಿಲಿಗೆ ಬಿತ್ತು. ಹುಡುಗಿಯ ಕಣ್ಣಿಂದ ದಳದಳ ನೀರು. ಫೋಟೋದವನು, "ಮೇಡಂ, ಜರ ಸ್ಮೈಲ್ ಕೊಡ್ರಿ" ಎಂದ. ಅವನನ್ನು ನಾನು ಏನೆಂದು ಬೈದೆ ಎಂಬುದನ್ನು ಇಲ್ಲಿ ಬರೆಯಲಾರೆ.

ಉಡಿ ತುಂಬಿಸಿಕೊಂಡು ಮಗಳು ಹೆರಿಗೆಗೆ ಮಸ್ಕಿಗೆ ಬಂದಳು. ಕೆಲವು ವಾರ ಕಳೆದ ಮೇಲೆ ಬೀಗತಿಯ ಫೋನು ಮತ್ತೆ ನನ್ನ ಅಂಗಡಿಗೆ ಬಂತು. ಈ ಸಲ ಬೇರೆ ವಿಷಯ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಅಜ್ಜಿ ಉಟ್ಟು, ಒಗೆದು, ಒಗೆದು ಮೆತ್ತಗಾದ ನೂಲಿನ ಸೀರೆಯ ತುಂಡಿನಲ್ಲಿ ಸುತ್ತುತ್ತೇವೆ. ಮೈಗೆ ಚುಚ್ಚುವುದಿಲ್ಲ, ಅಜ್ಜಿಯ ಆಯುಷ್ಯವೂ ಕೂಸಿಗೆ ತಾಕುತ್ತದೆ ಎಂಬ ಮಾತಿದೆ.

"ನಮ್ಮ ಮನ್ಯಾಗ ಬರೇ ರೇಶ್ಮಿ, ಇಲ್ಲಾ ಸಿಂಥೆಟಿಕ್ ನೋಡ್ರಿ" ಎಂದರು ಬೀಗತಿ. ಬಟ್ಟೆ ಅಂಗಡಿಯ ಯಜಮಾನಿ! "ಕೂಸಿಗೆ ಮೆತ್ತನ್ನದು ಬೇಕಲ್ರೀ. ನಿಮ್ಮ ಅಕ್ಕಾರ ಹಳೇ ಕಾಟನ್ ಸೀರಿ ಇದ್ರ ಒಂದೀಟು ಹರದು ಇಡ್ರಿ. ಆಕಿ ಉಟ್ಟಿದ್ದು ಭಾಳ ಮೆತ್ತಗಿರ್ತಾವು."

"ಮಂದಿ ಏನೂ ಅನ್ನಂಗಿಲ್ಲೇನ್ರಿ?"

"ಇದರಾಗ ಅನ್ನೂದೇನೈತಿ?" ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೈ ಬೇಡ, ಸೀರೆ ಬೇಕು. ಕೈ ತಾಕಿದರೆ ಕೂಸಿಗೆ ಕೇಡು, ಅದೇ ಮೈ ಮೇಲಿದ್ದ ಸೀರೆ ತಾಕಿದರೆ ಆಯುಷ್ಯ. ಎದುರಿಗೆ ಗಿರಾಕಿ ಇದ್ದಳು, ಫೋನಿಟ್ಟು ಅಳತೆಗೆ ಟೇಪು ತೆಗೆದೆ.

ಅಕ್ಕ ಸೀರೆಗಳನ್ನು ತೆಗೆದು ಕೊಟ್ಟಳು. ಎಲ್ಲ ಒಲೆಯ ಮುಂದೆ ಉಟ್ಟವು, ಅಲ್ಲಲ್ಲಿ ಕಿಡಿ ಹಾರಿ ಸಣ್ಣ ತೂತು. ತೂತು ತಪ್ಪಿಸಿ ಕತ್ತರಿಸಿದೆ. ಅಂಚು ಮಡಿಚಿ ಹೊಲಿಯಲಿಲ್ಲ, ಹೊಲಿಗೆ ಎಳೆಮೈಗೆ ಒತ್ತುತ್ತದೆ. ಅಕ್ಕ ಹತ್ತಿರ ಕುಳಿತು, "ಇವು ನಡೀತಾವೇನಬೇ? ಬಣ್ಣ ಹೋಗ್ಯಾವು" ಎಂದು ಕೇಳಿದಳು.

"ನಿನ್ನ ಸೀರಿ ನಡೀತಾವಂತ. ನೀ ನಡಿಯಂಗಿಲ್ಲಂತ" ಎಂದೆ. ಅವಳು ನಕ್ಕಳು. ಆ ನಗು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

ಹೆರಿಗೆ ಸಿಂಧನೂರಿನ ದವಾಖಾನೆಯಲ್ಲಿ ಆಯಿತು. ಬೆಳಗಿನ ಹೊತ್ತು, ಹೊರಗಿನ ಬೆಂಚುಗಳ ಮೇಲೆ ಬೇರೆ ಬೇರೆ ಊರಿನವರು ಕಾಯುತ್ತ ಕುಳಿತಿದ್ದರು. ಲಿಂಗಸೂಗೂರಿನಿಂದ ಬೀಗತಿಯೂ ಬಂದಿದ್ದರು. ಒಳಗಿಂದ ನರ್ಸು ಬಂದು ಬಟ್ಟೆ ಕೇಳಿದಳು, ಅಕ್ಕ ಚೀಲದಿಂದ ಸೀರೆಯ ತುಂಡು ತೆಗೆದುಕೊಟ್ಟಳು. ಸ್ವಲ್ಪ ಹೊತ್ತಿಗೆ ಆ ತುಂಡಿನಲ್ಲಿ ಸುತ್ತಿದ ಕೂಸು ಹೊರಗೆ ಬಂತು. ಹೆಣ್ಣು. ತಾಯಿ ಚೆನ್ನಾಗಿದ್ದಾಳೆ ಎಂದು ನರ್ಸು ಹೇಳಿದಳು. "ಅಜ್ಜಿ ಯಾರ್ರೀ? ಹಿಡೀರಿ ಜಲ್ದಿ."

ಅಜ್ಜಿಯರು ಇಬ್ಬರಿದ್ದರು. ಅಕ್ಕ ಗೋಡೆಗೆ ಸರಿದಳು, ಬೀಗತಿ ಕೈ ಚಾಚಿದರು. ಕೂಸು ಅವರ ಕೈಗೆ ಹೋಯಿತು. ಅವರ ಕಣ್ಣಲ್ಲಿ ನೀರು ಬಂತು, ಮುದ್ದಾಡಿದರು, ಅಕ್ಕನ ಸೀರೆಯ ತುದಿಯಿಂದಲೇ ಕೂಸಿನ ಬಾಯಿ ಒರೆಸಿದರು.

"ಯಕ್ಕಾ, ಬಾ, ಹಿಡಿ" ಎಂದೆ. ಹೆರಿಗೆ ಸುಸೂತ್ರ ಮುಗಿದಿತ್ತು, ಅವಳು ಹೆದರಿದ್ದು ಯಾವುದೂ ಆಗಿರಲಿಲ್ಲ. ಆದರೂ ಕೈಗಳು ಸೆರಗಿನೊಳಗೇ ಇದ್ದವು. ಬಾಯಿಬಿಟ್ಟು ಕೇಳದೆ ಬೀಗತಿಯ ಮುಖ ನೋಡಿದಳು. ಒಂದು ಹೆಂಗಸು ತನ್ನ ಮೊಮ್ಮಗಳನ್ನು ಮುಟ್ಟಲು ಇನ್ನೊಬ್ಬಳ ಮುಖ ನೋಡಬೇಕೆ? ಬೀಗತಿ ಬೆಂಚುಗಳ ಕಡೆ ಒಮ್ಮೆ ನೋಡಿದರು.

"ಮನಿಗಿ ಹೋದ ಮ್ಯಾಲ ಹಿಡೀರಂತ ಅಕ್ಕಾರ" ಎಂದು ಮೆಲ್ಲಗೆ ಅಂದರು. "ಇಲ್ಲಿ ಎಲ್ಲಾರೂ ಅದಾರ. ಮಂದಿ..."

"ಮಂದಿ ನಿಮ್ಮ ಕೈಯಾಗೈತ್ರೀ ಬೀಗರ!" ದನಿ ಇಡೀ ದವಾಖಾನೆಗೆ ಕೇಳಿರಬೇಕು. "ಈಗಷ್ಟ ಹುಟ್ಟೇತಿ. ಕೇಳ್ರಿ ಅದನ್ನ, ಏನಂತತಿ!"

ಅವರು ಏನನ್ನೂ ಹೇಳುವ ಮೊದಲೇ ಕೂಸನ್ನು ಎತ್ತಿಕೊಂಡು ಅಕ್ಕನ ಮುಂದೆ ಹಿಡಿದೆ. ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಕೂಸು ಕಿರುಚಿ ಅಳುತ್ತಿತ್ತು. ನಾನು ಹಿಂದೆ ಸರಿಯಲಿಲ್ಲ, ಹಾಗೇ ಹಿಡಿದುಕೊಂಡು ನಿಂತೆ. ಅಕ್ಕ ನೋಡಿದಳು, ಬೀಗತಿಯ ಮುಖವನ್ನಲ್ಲ, ತನ್ನ ಹಳೆಯ ಸೀರೆಯನ್ನು. ಆಮೇಲೆ ಸೆರಗಿನೊಳಗಿಂದ ಕೈ ಹೊರಗೆ ತೆಗೆದಳು.